ಕಡತ ಮುಟ್ಟಿದ ಹೊತ್ತು

ಮಧುಗಿರಿಯ ನಮ್ಮ ಹಳೆಯ ಮನೆಯನ್ನು ಕಳೆದ ವರ್ಷ ತೆರವು ಮಾಡಬೇಕಾಗಿ ಬಂದಾಗ, ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನೊಳಗೆ ಎರಡು ವಸ್ತುಗಳು ಒಂದರ ಮೇಲೊಂದು ಕುಳಿತಿದ್ದುವು. ಕೆಳಗಿನದು, ಮಾಸಿದ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟಿದ್ದ, ನಮ್ಮ ಮುತ್ತಾತನ ಕಾಲದ ಕರಿಯ ಕಡತ. ಮೇಲಿನದು, ನನ್ನದೇ ಕೈಬರಹದಲ್ಲಿ ‘ದರಪಟ್ಟಿ, 2003’ ಎಂದು ಗೀಚಿದ್ದ ಒಂದು ಸಿ.ಡಿ. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದವರು ನಮ್ಮ ತಾಯಿಯೇ ಆಗಿರಬೇಕು. ತನಗೆ ಓದಲು ಬಾರದ, ಆದರೆ ಬಿಸಾಡಲು ಮನಸ್ಸೊಪ್ಪದ ಸಾಮಾನುಗಳಿಗೆಲ್ಲ ಆಕೆಯ ಲೆಕ್ಕದಲ್ಲಿ ಇದ್ದುದು ಆ ಟ್ರಂಕೊಂದೇ.

ಸಿ.ಡಿ.ಯನ್ನು ಬೆಂಗಳೂರಿಗೆ ತಂದೆ. ನನ್ನ ಲ್ಯಾಪ್‌ಟಾಪಿಗೆ ಅದನ್ನು ನುಂಗುವ ಬಾಯಿಯೇ ಇಲ್ಲವಾದುದರಿಂದ, ಕಚೇರಿಗೆ ಹೊಸದಾಗಿ ಸೇರಿದ್ದ ಶಿರಾ ಕಡೆಯ ಹುಡುಗನೊಬ್ಬನ ಕೈಗೆ ಕೊಟ್ಟು, ಏನಾದರೂ ಉಳಿದಿದೆಯೇ ನೋಡೆಂದೆ. ಮರುದಿನ ಬೆಳಿಗ್ಗೆ ಅವನು ಏನನ್ನೋ ಒಡೆದುಹಾಕಿದವನ ಮುಖ ಮಾಡಿಕೊಂಡು ಬಂದು ನಿಂತ.

“ಫೈಲೆಲ್ಲ ಬಂದ್ವು ಮೇಡಂ, ಸರ್ವರ್‌ಗೂ ಹಾಕಿದೀನಿ. ಆದ್ರೆ ಎಲ್ಲದಕ್ಕೂ ನಿನ್ನೆ ಸಾಯಂಕಾಲ ನಾಕೂ ಇಪ್ಪತ್ತು ಅಂತ್ಲೇ ತೋರಿಸ್ತೈತೆ. ಹಳೇ ತಾರೀಖು ಒಂದೂ ಉಳೀಲಿಲ್ಲ.”

ತಾರೀಖುಗಳನ್ನು ಉಳಿಸಿಕೊಂಡೇ ನಕಲು ಮಾಡುವ ಮಾರ್ಗವುಂಟು, ಮೂಲವು ಸಿ.ಡಿ.ಯಲ್ಲಿ ಹಾಗೆಯೇ ಇದೆ, ಹೆದರಬೇಡವೆಂದು ಅವನನ್ನು ಸಮಾಧಾನಪಡಿಸಿದೆ. ಆದರೆ ಆ ಮೂಲದ ತಾರೀಖುಗಳೂ ನಿಜವಾದುವಲ್ಲವೆಂಬುದು ನನ್ನೊಬ್ಬಳಿಗೆ ಗೊತ್ತಿತ್ತು. ಅವುಗಳನ್ನು ಸುಳ್ಳು ಮಾಡಿದವಳು ನಾನೇ.

ಸರ್ವರಿನಲ್ಲಿ ಕುಳಿತು ಕೆಲಸ ಮಾಡುವ ಪ್ರೋಗ್ರಾಮುಗಳನ್ನು ಬರೆಯುವ ನಮ್ಮಂಥವರು, ಫೈಲೊಂದು ಕೊನೆಯ ಬಾರಿ ಯಾವಾಗ ಬದಲಾಯಿತೆಂದು ಯಂತ್ರವನ್ನು ಕೇಳುವುದು ದಿನಕ್ಕೆ ಹತ್ತು ಸಲ. ಯೂನಿಕ್ಸ್ ಪರಂಪರೆಯ ಗಣಕಗಳು ಪ್ರತಿಯೊಂದು ಫೈಲಿಗೂ ಮೂರು ಕಾಲಗಳನ್ನು ಬರೆದಿಡುತ್ತವೆ: ಕೊನೆಗೆ ಓದಿದ್ದು, ಕೊನೆಗೆ ಒಳಗಿನ ವಿಷಯ ಬದಲಾದದ್ದು, ಕೊನೆಗೆ ಅದರ ಒಡೆತನ ಅಧಿಕಾರಗಳೇ ಮೊದಲಾದ ಮೇಲಿನ ವಿವರ ಬದಲಾದದ್ದು. ಹುಟ್ಟಿದ ಹೊತ್ತನ್ನು ಮಾತ್ರ ಆ ಪರಂಪರೆ ಬಹುಕಾಲ ಬರೆದಿಡಲೇ ಇಲ್ಲ. ನಮ್ಮ ತಾತನ ಓರಗೆಯ ಎಷ್ಟೋ ಮಂದಿಗೆ ಜನ್ಮದಿನ ತಿಳಿಯದಿದ್ದಂತೆ, ಫೈಲುಗಳಿಗೂ ತಮ್ಮ ಹುಟ್ಟು ತಿಳಿಯುತ್ತಿರಲಿಲ್ಲ. ಕಾಲಗಣನೆಯಾದರೂ 1970ನೆಯ ಇಸವಿ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ, ಸೆಕೆಂಡುಗಳಲ್ಲಿ. ನಮ್ಮ ದೇಶದಲ್ಲಿ ಅದು ಬೆಳಗಿನ ಜಾವ ಐದೂವರೆ ಗಂಟೆ, ಮಧುಗಿರಿ ಬೆಟ್ಟದ ಏಕಶಿಲೆಯ ಮೇಲೆ ಇನ್ನೂ ಬಿಸಿಲು ತಾಕದ ಹೊತ್ತು. ರಾಸ್ಮಸ್ ಲೆರ್ಡಾರ್ಫ್ ಎಂಬಾತನು 1995ರಲ್ಲಿ ಲೋಕಕ್ಕೆ ಕೊಟ್ಟ ಪಿ.ಎಚ್.ಪಿ. ಭಾಷೆಯಲ್ಲಿ ‘ಫೈಲ್‌ಎಂಟೈಮ್’ ಎಂಬ ಒಂದೇ ಪದದಿಂದ ಈ ಪ್ರಶ್ನೆಯನ್ನು ಕೇಳಬಹುದು. ಅದೇ ಭಾಷೆಯಲ್ಲಿ, ಅದರ ಪಕ್ಕದಲ್ಲಿಯೇ, ‘ಟಚ್’ ಎಂಬ ಇನ್ನೊಂದು ಪದವೂ ಇದೆ. ಒಳಗಿನ ಒಂದಕ್ಷರವನ್ನೂ ಬದಲಿಸದೆ ಫೈಲನ್ನು ಸುಮ್ಮನೆ ಮುಟ್ಟಿ, ಈಗ ತಾನೇ ಬದಲಾಯಿತೆಂದು ತೋರಿಸುವ ಪದ ಅದು.

ಕಡತವೆಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಕಚೇರಿಯ ಅರ್ಥದಲ್ಲಿ ಅಲ್ಲ, ಗಣಕದ ಅರ್ಥದಲ್ಲಂತೂ ಅಲ್ಲವೇ ಅಲ್ಲ. ಕೊರಟಗೆರೆ ತಾಲ್ಲೂಕಿನಲ್ಲಿ, ಜಯಮಂಗಲಿ ಹೊಳೆಗೆ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ತಾತ ಶಾನುಭೋಗರಾಗಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದಾಗ ಅವರ ಶಾನುಭೋಗಿಕೆ ಹೋಯಿತು. ನಾನು ಕಂಡ ತಾತ, ಅಧಿಕಾರ ಹೋಗಿ ಹದಿನೇಳು ಹದಿನೆಂಟು ವರ್ಷವಾದ ಮೇಲೆಯೂ ಬೆಳಿಗ್ಗೆ ಸ್ನಾನ ಮಾಡಿ, ಕೋಟು ತೊಟ್ಟು, ಯಾರೂ ಬಾರದ ಜಗುಲಿಯಲ್ಲಿ ಇಳಿಮೇಜಿನ ಮುಂದೆ ಕುಳಿತುಕೊಳ್ಳುತ್ತಿದ್ದ ಮನುಷ್ಯ. ಅವರ ಕಾಲಕ್ಕಾಗಲೇ ಲೆಕ್ಕಗಳೆಲ್ಲ ಕಾಗದದ ಪುಸ್ತಕಗಳಿಗೆ ಬಂದಿದ್ದುವು. ಕಡತ ಅವರಿಗೂ ಹಿಂದಿನವರದು. ಗಟ್ಟಿ ನೇಯ್ಗೆಯ ಬಟ್ಟೆಗೆ, ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಚಿದರೆ ಕಡತವಾಯಿತು. ಅದರ ಮೇಲೆ ಬರೆಯುವುದು ಬಳಪದಿಂದ. ಶೃಂಗೇರಿ ಮಠದ ಚರಿತ್ರೆಯನ್ನು ಬರೆದವರಿಗೆ ಅಲ್ಲಿನ ಕಡತಗಳು ದೊಡ್ಡ ಆಧಾರವಾಗಿ ಒದಗಿದುವು. ನಮ್ಮ ಮನೆಯ ಕಡತಕ್ಕೆ ಅಂಥ ಘನತೆಯೇನೂ ಇರಲಿಲ್ಲ. ಇಂಥವನ ಹೊಲ ಇಷ್ಟು, ಇಂಥವನಿಂದ ಬಂದ ಕಂದಾಯ ಇಷ್ಟು, ಬಾಕಿ ಇಷ್ಟು, ಅಷ್ಟೆ.

ಒಂದು ಮಧ್ಯಾಹ್ನ ತಾತ ಅದನ್ನು ನನ್ನ ಮುಂದೆ ಬಿಚ್ಚಿ, ನನ್ನ ತೋರುಬೆರಳನ್ನು ಹಿಡಿದು ಒಂದು ಮಡಿಕೆಯ ಉದ್ದಕ್ಕೂ ಓಡಿಸಿದರು. ಬೆಕ್ಕಿನ ನಾಲಗೆಯಂತೆ ಒರಟಾಗಿದ್ದ ಕಪ್ಪು ಒಂದು ಕಡೆ ಮಾತ್ರ, ಎರಡು ಬೆರಳಗಲದಷ್ಟು ಜಾಗದಲ್ಲಿ, ನುಣ್ಣಗೆ ಕೈಗೆ ಸಿಕ್ಕಿತು.

“ಇಲ್ಲಿ ಒರಸಿ, ಮೇಲೆ ಕಪ್ಪು ಬಳಿದು, ಇನ್ನೊಂದು ಸಲ ಬರೆದಿದಾರೆ ಕಣೇ.”

“ಯಾವಾಗ ತಾತ?”

“ಅದನ್ನ ಬಟ್ಟೆ ಹೇಳಲ್ಲ. ಮುಟ್ಟಿದಾರೆ ಅಂತ ಮಾತ್ರ ಹೇಳತ್ತೆ.”

ಏಕೆ ಒರಸಿದರೆಂದು ಕೇಳಿದಾಗ ಅವರು ಉತ್ತರ ಹೇಳದೆ ಮಡಿಕೆಗಳನ್ನು ಕೂಡಿಸಿ ಕೆಂಪು ಬಟ್ಟೆಯನ್ನು ಸುತ್ತಿದರು. ಬಾಲ್ಯದ ಭಕ್ತಿಯಲ್ಲಿ ಆ ಮೌನವನ್ನು ನಾನು ಗಾಂಭೀರ್ಯವೆಂದೇ ಎಣಿಸಿಕೊಂಡಿದ್ದೆ. ಆದರೆ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಹಟ್ಟಿಯ ಮುದುಕಿಯೊಬ್ಬಳು ನಮ್ಮ ಅಂಗಳದಲ್ಲಿ, ಜಗುಲಿಗೆ ತಾಕದಷ್ಟು ದೂರದಲ್ಲಿ ಕುಳಿತು, “ಹುಣಸೇಮರದ ಹೊಲ ನಮ್ದೇ ಅಲ್ವಾ ಸ್ವಾಮಿ, ದೊಡ್ಡೋರ ಕಾಲ್ದಾಗೆ ಹೆಂಗೆ ಹೋಯ್ತು?” ಎಂದು ಒಂದೇ ಮಾತನ್ನು ಕೇಳುತ್ತಿದ್ದುದೂ, ತಾತ ದಿಂಡಿಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದುದೂ, ಅಜ್ಜಿ ಮೊರದಲ್ಲಿ ರಾಗಿ ತಂದು ಅವಳ ಸೆರಗಿಗೆ ಸುರಿದು ಕಳುಹಿಸುತ್ತಿದ್ದುದೂ ನನಗೆ ನೆನಪಿದೆ. ಕಡತದ ಆ ನುಣುಪಿಗೂ ಮುದುಕಿಯ ಪ್ರಶ್ನೆಗೂ ಸಂಬಂಧವಿತ್ತೋ ಇಲ್ಲವೋ ನಾನು ಹೇಳಲಾರೆ. ಬಳಪ ಯಾರ ಕೈಯಲ್ಲಿದ್ದಿತೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ತುಮಕೂರಿನಲ್ಲಿ ಓದು ಮುಗಿಸಿ, ಬೆಂಗಳೂರಿನಲ್ಲಿ ಒಂದೆರಡು ವರ್ಷ ದುಡಿದು, ತಂದೆಯವರ ಅನಾರೋಗ್ಯದ ನಿಮಿತ್ತ ನಾನು ಮಧುಗಿರಿಗೆ ಹಿಂದಿರುಗಿದ್ದು 2002ರಲ್ಲಿ. ಬಸ್ ನಿಲ್ದಾಣದಿಂದ ದೂರವಲ್ಲದ ಒಂದು ಮಹಡಿಯ ಮೇಲೆ, ಐದು ಗಣಕಗಳನ್ನಿಟ್ಟುಕೊಂಡು ಹುಡುಗರಿಗೆ ಪಾಠ ಹೇಳುತ್ತಿದ್ದೆ. ಕೆಳಗಿನ ಮಳಿಗೆಯಲ್ಲಿ ಧಾನ್ಯದ ವ್ಯಾಪಾರ ಮಾಡುತ್ತಿದ್ದ ಯಜಮಾನರೊಬ್ಬರಿಗೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ರೈತರು ನೋಡುವಂತೆ ಮಾರುಕಟ್ಟೆಯ ದರಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿಸಬೇಕೆಂಬ ಹಂಬಲ ಹುಟ್ಟಿತು. ಅದರಲ್ಲಿ ಪರೋಪಕಾರವೂ ಇತ್ತು, ತಮ್ಮ ಅಂಗಡಿಯ ಹೆಸರು ಮೇಲುಗಡೆ ದೊಡ್ಡದಾಗಿ ಬರಬೇಕೆಂಬ ಆಸೆಯೂ ಇತ್ತು. ಎರಡೂ ಒಂದೇ ಎದೆಯಲ್ಲಿ ಇರಬಾರದೆಂದು ಯಾರು ಹೇಳಿದರು? ತುಮಕೂರು, ಹಿಂದೂಪುರ, ಶಿರಾ, ಮಧುಗಿರಿಗಳ ಮಂಡಿಗಳಿಂದ ಗುಮಾಸ್ತರು ದೂರವಾಣಿಯಲ್ಲಿ ಹೇಳುತ್ತಿದ್ದುದನ್ನೆಲ್ಲ ನನ್ನ ಶಿಷ್ಯೆಯೊಬ್ಬಳು ಹಾಗೆಹಾಗೆಯೇ ಒಂದು ಫೈಲಿಗೆ ಟೈಪು ಮಾಡುವಳು. ಕಡಲೆಕಾಯಿ, ರಾಗಿ, ಹುಣಿಸೆಹಣ್ಣು, ಕೊಬ್ಬರಿ. ಅದನ್ನು ಮೋಡೆಮ್ಮಿನ ಕೀರಲುದನಿಯ ನಡುವೆ ಅಮೆರಿಕದ ಟೆಕ್ಸಾಸಿನಲ್ಲಿ ಬಾಡಿಗೆಗೆ ಹಿಡಿದಿದ್ದ ಸರ್ವರಿಗೆ ನಾನು ಏರಿಸುವೆನು. ಯೂನಿಕೋಡ್ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ‘ಬರಹ’ ತಂತ್ರಾಂಶದ ಅಕ್ಷರ ಇಳಿಸಿಕೊಂಡಿದ್ದವರಿಗೆ ಕನ್ನಡ ಕಾಣುವುದು, ಇಲ್ಲದವರಿಗೆ ಗೀಟು ಸೊಟ್ಟಗಳು ಕಾಣುವುವು.

ಪುಟದ ಅಡಿಯಲ್ಲಿ ‘ಕೊನೆಯ ಬದಲಾವಣೆ’ ಎಂದು ಒಂದು ಸಾಲನ್ನು ಹಾಕಿದ್ದೆ. ದಿನವೂ ಕೈಯಿಂದ ಬರೆಯುವ ಕಷ್ಟವೇಕೆಂದು ದರದ ಫೈಲಿನ ಕಾಲವನ್ನು ಯಂತ್ರದಿಂದಲೇ ಕೇಳಿ ಅಚ್ಚಿಸುವಂತೆ ಮಾಡಿದ್ದು ನನ್ನ ಹೆಮ್ಮೆ. ಮೊದಲನೆಯ ದಿನವೇ ಯಜಮಾನರು ಮೆಟ್ಟಿಲು ಹತ್ತಿ ಬಂದರು. “ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ್ದು, ನಿನ್ನೆ ತಾರೀಖು ಯಾಕಮ್ಮ ತೋರಿಸತ್ತೆ?” ನಮ್ಮ ಒಂಬತ್ತು ಟೆಕ್ಸಾಸಿನವರಿಗೆ ಹಿಂದಿನ ರಾತ್ರಿಯ ಒಂಬತ್ತೂವರೆ. ಹನ್ನೊಂದೂವರೆ ಗಂಟೆಗೆ ಸಲ್ಲುವ 41,400 ಸೆಕೆಂಡುಗಳನ್ನು ಕೂಡಿಸಿ ಸರಿಪಡಿಸಿದೆ. ಇನ್ನೊಂದು ದಿನ ಫೈಲು ಏರುವ ಮುನ್ನ ತಂತಿ ಕಡಿದುಹೋಗಿ, ಇಲ್ಲದ ಫೈಲಿನ ಕಾಲವನ್ನು ಕೇಳಿದ ಪ್ರೋಗ್ರಾಮು ಶೂನ್ಯವನ್ನು ತಂದು, ಅದಕ್ಕೆ ನನ್ನ ಹನ್ನೊಂದೂವರೆ ಗಂಟೆಯೂ ಸೇರಿ, ಪುಟದ ಕೆಳಗೆ 1970ರ ಜನವರಿ 1, ಬೆಳಿಗ್ಗೆ ಐದೂವರೆ ಎಂದು ಬಂದಿತು. “ನಮ್ಮಪ್ಪ ಆಗ ಅಂಗಡಿ ಇಟ್ಟಿದ್ದು ನಿಜ,” ಎಂದು ಯಜಮಾನರು ನಕ್ಕರು, “ಇಂಟರ್‌ನೆಟ್ ಮಾತ್ರ ಇಟ್ಟಿರಲಿಲ್ಲ.” ಪಿ.ಎಚ್.ಪಿ.ಯ ಇನ್ನೊಂದು ಚಾಳಿಯೂ ಆಗಲೇ ತಿಳಿದದ್ದು. ಒಂದು ಫೈಲಿನ ಕಾಲವನ್ನು ಒಮ್ಮೆ ನೋಡಿತೆಂದರೆ, ಆ ಓಟ ಮುಗಿಯುವವರೆಗೂ ಅದು ಮತ್ತೆ ಹೋಗಿ ನೋಡದೆ ನೆನಪಿನಿಂದಲೇ ಉತ್ತರ ಹೇಳುತ್ತದೆ. ‘ಆ ನೆನಪನ್ನು ಅಳಿಸಿಕೋ’ ಎಂದು ಬೇರೆ ಪದದಿಂದ ಆಜ್ಞಾಪಿಸಬೇಕು. ಮೇಜಿನಿಂದ ಏಳದೆ “ಆಗಲೇ ನೋಡಿದೀನಲ್ಲ” ಎನ್ನುವ ಗುಮಾಸ್ತರನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಇವೆಲ್ಲ ನಗುವ ಮಾತು. ನಗಲಾಗದ ತಪ್ಪು ಬೇರೊಂದು ಇತ್ತು, ಅದನ್ನು ನಾನು ಆಗ ತಪ್ಪೆಂದೇ ತಿಳಿಯಲಿಲ್ಲ. ಎಲ್ಲ ದರಗಳೂ ಒಂದೇ ಫೈಲಿನಲ್ಲಿದ್ದುವು. ಮಧುಗಿರಿಯ ರಾಗಿಯ ದರವೊಂದು ಬದಲಾದರೂ ಸಾಕು, ವಾರದಿಂದ ಯಾರೂ ಹೇಳದಿದ್ದ ಹಿಂದೂಪುರದ ದರಕ್ಕೂ ಇಂದಿನ ತಾರೀಖೇ ಅಂಟಿಕೊಳ್ಳುವುದು. ಅಷ್ಟೇ ಏಕೆ, ಏನೂ ಬದಲಾಗದ ಫೈಲನ್ನು ಮತ್ತೆ ಏರಿಸಿದರೂ ಸರ್ವರು ಅದು ಬಂದು ಮುಟ್ಟಿದ ಗಳಿಗೆಯನ್ನೇ ಬದಲಾವಣೆಯ ಗಳಿಗೆಯೆಂದು ಬರೆದುಕೊಳ್ಳುವುದು. ಯಂತ್ರವು ತನಗೆ ತಿಳಿದುದನ್ನು ಸೆಕೆಂಡಿನ ನಿಖರತೆಯಲ್ಲಿ ಹೇಳುತ್ತಿತ್ತು. ಫೈಲು ಯಾವಾಗ ಬಂದಿತೆಂಬುದಷ್ಟೇ ಅದಕ್ಕೆ ತಿಳಿದಿದ್ದುದು. ದರ ಯಾವತ್ತಿನದೆಂಬುದು ಅದಕ್ಕೆ ಹೇಗೆ ತಿಳಿಯಬೇಕು? ಆ ಸಾಲಿಗೆ ‘ಕೊನೆಯ ಬದಲಾವಣೆ’ ಎಂಬ ಹೆಸರಿಟ್ಟವಳು ನಾನು.

2003ರ ಮಾರ್ಚ್. ಹುಣಿಸೆಯ ಸುಗ್ಗಿ, ಮೇಲಾಗಿ ದಂಡಿನ ಮಾರಮ್ಮನ ಜಾತ್ರೆಯ ಸಡಗರ. ಟೈಪು ಮಾಡುವ ಹುಡುಗಿ ನೆಂಟರ ಉಪಚಾರಕ್ಕೆಂದು ಮನೆಯಲ್ಲಿ ನಿಂತಳು. ಗುಮಾಸ್ತರಲ್ಲಿ ಇಬ್ಬರು ಕರೆಯನ್ನೇ ಮಾಡಲಿಲ್ಲ. ಪುಟದ ಅಡಿಯಲ್ಲಿ ತಾರೀಖು ಹಳಸುತ್ತಿರುವುದನ್ನು ಕಂಡ ಯಜಮಾನರು, ಅಂಗಡಿ ಬಾಗಿಲು ಹಾಕಿದಂತೆ ಕಾಣುತ್ತದೆಂದು ಪೇಚಾಡಿಕೊಂಡರು. ನಾನು ಒಂದು ಸಾಲನ್ನು ಸೇರಿಸಿದೆ. ಯಾರಾದರೂ ಪುಟವನ್ನು ತೆರೆದೊಡನೆ, ಆ ದಿನದ ಮೊದಲ ಭೇಟಿಯಲ್ಲಿ, ಪ್ರೋಗ್ರಾಮು ದರದ ಫೈಲನ್ನು ತಾನೇ ಮುಟ್ಟಿಬಿಡುವುದು. ಅಲ್ಲಿಂದ ಮುಂದೆ ನಮ್ಮ ಪುಟ ಎಂದೂ ಹಳೆಯದಾಗಲಿಲ್ಲ. 1996ರಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ.ಯ ನಿಯಮಾವಳಿಯಲ್ಲೇ ಒಂದು ಸೊಗಸಾದ ಮಿತವ್ಯಯವಿದೆ: ಓದುಗನ ಯಂತ್ರವು ‘ಇಂಥ ಹೊತ್ತಿನ ನಂತರ ಬದಲಾಗಿದ್ದರೆ ಮಾತ್ರ ಕಳುಹಿಸು’ ಎಂದು ಕೇಳುತ್ತದೆ, ಬದಲಾಗದಿದ್ದರೆ ಸರ್ವರು 304 ಎಂಬ ಸಂಖ್ಯೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ದೂರವಾಣಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ತೆರುತ್ತಿದ್ದ ನಮ್ಮ ಊರುಗಳಿಗೆ ಅದೊಂದು ದೊಡ್ಡ ಉಪಕಾರ, ನಾನೇ ಕಷ್ಟಪಟ್ಟು ಅಳವಡಿಸಿದ್ದು. ನನ್ನ ಒಂದು ಸಾಲು ಅದನ್ನೂ ಕೆಡಿಸಿತು. ಹಳೆಯ ದರವನ್ನೇ ಎಲ್ಲರೂ ದಿನದಿನವೂ ಹೊಸದಾಗಿ ದುಡ್ಡು ಕೊಟ್ಟು ತರಿಸಿಕೊಂಡರು.

ಜಾತ್ರೆ ಕಳೆದ ಮೇಲೆ ಒಂದು ಮಧ್ಯಾಹ್ನ ಪಾವಗಡದ ಕಡೆಯ ರೈತರೊಬ್ಬರು ಮಹಡಿ ಹತ್ತಿ ಬಂದರು. ಅರುವತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕೆಂಪು ಅಂಚಿನ ಟವೆಲು. ತೆಲುಗಿನ ರಾಗ ಹತ್ತಿದ ಕನ್ನಡ. ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿ, ಬೆವರಿಗೆ ಮೆತ್ತಗಾದ ಅದರ ಅಂಚುಗಳನ್ನು ಅಂಗೈಯಿಂದ ಸವರಿ ಸರಿಮಾಡಿದರು. ಬೆಂಗಳೂರಿನಲ್ಲಿ ಓದುತ್ತಿದ್ದ ತಮ್ಮನ ಮಗ ಅಚ್ಚು ಹಾಕಿಸಿ ಕೊಟ್ಟಿದ್ದ ನಮ್ಮದೇ ಪುಟ. ಹಿಂದೂಪುರ ಹತ್ತಿರವಿದ್ದರೂ ತುಮಕೂರಿನಲ್ಲಿ ಹುಣಿಸೆಹಣ್ಣಿನ ದರ ಮೇಲಿದೆಯೆಂದು ಇದನ್ನು ನೋಡಿ ನಂಬಿ, ಟೆಂಪೊ ಮಾಡಿಕೊಂಡು ತುಮಕೂರಿಗೇ ಹೋಗಿದ್ದರು. ಅಲ್ಲಿ ಮಾಲು ತುಂಬಿ ದರ ಬಿದ್ದು ಎಷ್ಟೋ ದಿನಗಳಾಗಿದ್ದುವು. ಬಾಡಿಗೆ ಕಳೆದರೆ ಹಿಂದೂಪುರದಲ್ಲಿ ಮಾರಿದ್ದರೂ ಹೆಚ್ಚು ಸಿಗುತ್ತಿತ್ತು.

ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಡೇಟು ಹದಿನೈದನೇ ತಾರೀಖಿಂದು ಐತಲ್ಲಮ್ಮಾ. ರೇಟು ಯಾವತ್ತಿಂದು?”

ಹುಣಿಸೆಯನ್ನು ಜಜ್ಜಿ, ಬೀಜ ಬಿಡಿಸಿ, ಉಗುರಿನ ಸಂದಿಗಳೆಲ್ಲ ಕಪ್ಪಾಗಿದ್ದ ಬೆರಳು ಅದು. ನಾನು, “ಕಂಪ್ಯೂಟರ್ ಹಾಗೆ ತೋರಿಸತ್ತೆ ಯಜಮಾನ್ರೆ” ಎಂದೆ.

ಅವರು ಜಗಳವಾಡಲಿಲ್ಲ. ಹೌದೇ ಎಂಬಂತೆ ಮಾನಿಟರನ್ನು ಒಮ್ಮೆ ನೋಡಿ, ಹಾಳೆಯನ್ನು ಅದೇ ನಾಲ್ಕು ಮಡಿಕೆಗೆ ಮಡಿಚಿ, ನೀರು ಕೇಳಿ ಕುಡಿದು, ಇಳಿದುಹೋದರು. ಆ ಸಂಜೆಯೇ ನಾನು ಆ ಸಾಲನ್ನು ತೆಗೆದುಹಾಕಿದೆನೆಂದು ಬರೆಯಲು ಈಗ ಮನಸ್ಸು ಬರುತ್ತದೆ. ತೆಗೆಯಲಿಲ್ಲ. ಯಜಮಾನರ ಉತ್ಸಾಹ ಇಂಗಿ, ಆಗಸ್ಟಿನಲ್ಲಿ ಸರ್ವರಿನ ಬಾಡಿಗೆ ಕಟ್ಟದೆ ಪುಟ ತಾನಾಗಿ ಕಣ್ಣು ಮುಚ್ಚುವವರೆಗೂ ಅದು ಅಲ್ಲಿಯೇ ಇತ್ತು. ಮುಚ್ಚುವ ಮುನ್ನ ಎಲ್ಲವನ್ನೂ ಇಳಿಸಿ ಸಿ.ಡಿ.ಗೆ ತುಂಬಿದೆ.

ಅದೇ ವರ್ಷ ತಂದೆಯವರೊಡನೆ ಪಹಣಿ ಪಡೆಯಲು ತಾಲ್ಲೂಕು ಕಚೇರಿಯ ‘ಭೂಮಿ’ ಕೌಂಟರಿಗೆ ಹೋಗಿದ್ದೆ. ರಾಜ್ಯದ 177 ತಾಲ್ಲೂಕುಗಳಲ್ಲಿ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದ್ದ ಆ ವ್ಯವಸ್ಥೆ ಆಗ ಹೊಸತು. ಹದಿನೈದು ರೂಪಾಯಿ ಕೊಟ್ಟರೆ ಕಣ್ಣೆದುರಿಗೇ ಪಹಣಿ ಅಚ್ಚಾಗಿ ಬರುವುದು. ಹಾಳೆಯ ಮೇಲೆ ಆ ದಿನದ ತಾರೀಖಿತ್ತು. ಒಳಗೆ, ಒಂಬತ್ತನೆಯ ಕಲಮಿನಲ್ಲಿ, ತೀರಿಕೊಂಡು ಎಷ್ಟೋ ವರ್ಷವಾಗಿದ್ದ ತಾತನ ಹೆಸರೇ ಇತ್ತು. ಪೌತಿ ಖಾತೆ ಮಾಡಿಸುವುದನ್ನು ನನ್ನ ತಂದೆ ಮುಂದೂಡುತ್ತಲೇ ಬಂದಿದ್ದರು. ಆದರೆ ಹೆಸರಿನ ಪಕ್ಕದ ಕಲಮಿನಲ್ಲಿ ಖಾತೆ ಬದಲಾವಣೆಯ ಒಂದು ಎಂ.ಆರ್. ಸಂಖ್ಯೆಯೂ ಅದರ ವರ್ಷವೂ ನಮೂದಾಗಿದ್ದುವು. ಈ ಹೆಸರು ಇಲ್ಲಿಗೆ ಹೇಗೆ ಬಂದಿತು, ಯಾವ ಆಧಾರದ ಮೇಲೆ ಎಂಬುದನ್ನು ಹುಡುಕಿಕೊಂಡು ಹೋಗಲು ಅದೊಂದು ಎಳೆ. ಖಾತೆ ಬದಲಾಗಬೇಕಾದರೆ ಆಗ ಅರ್ಜಿ ಬೇಕಿತ್ತು, ನೋಟೀಸು ಬೇಕಿತ್ತು, ಆಕ್ಷೇಪಣೆಗೆ 30 ದಿನ ಕಾಯಬೇಕಿತ್ತು. ಅಚ್ಚಾದ ತಾರೀಖು ಬೇರೆ, ಬದಲಾದ ತಾರೀಖು ಬೇರೆ ಎಂಬುದು, ಗಣಕವನ್ನೇ ಕಾಣದ ಕಾಲದಲ್ಲಿ ಆ ಕಲಮುಗಳನ್ನು ಗೆರೆ ಹಾಕಿದ ಕಂದಾಯದ ಮಂದಿಗೆ ತಿಳಿದಿತ್ತು. ನಾಲ್ಕು ವರ್ಷ ಗಣಕವಿದ್ಯೆ ಓದಿದ ನನಗೆ ಹೊಳೆದಿರಲಿಲ್ಲ. ತಾತನ ವೃತ್ತಿಯನ್ನು ಹಳೆಯ ಕಾಲದ ಗುಮಾಸ್ತಗಿರಿಯೆಂದು ಮನಸ್ಸಿನಲ್ಲಿ ಹಗುರ ಮಾಡಿಕೊಂಡಿದ್ದವಳು ಸರದಿಯಲ್ಲಿ ನಿಂತು ಅವರ ಹೆಸರನ್ನು ಮತ್ತೆ ಮತ್ತೆ ಓದಿದೆ.

ಈಚೆಗೆ ಪಾವಗಡದ ಮೇಲೆ ಹೋಗುವ ಸಂದರ್ಭ ಒದಗಿತ್ತು. ತಿರುಮಣಿ, ವಳ್ಳೂರುಗಳ ಸುತ್ತ, ಮಳೆ ನೆಚ್ಚಿ ಕಡಲೆಕಾಯಿ ಬಿತ್ತುತ್ತಿದ್ದ ನೆಲದಲ್ಲಿ ಈಗ ನೀಲಿ ಸೌರಫಲಕಗಳ ಸಮುದ್ರ. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದ ಯೋಜನೆಯಾದುದರಿಂದ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಮೊದಲಾದ ಆ ಹಣ ಯಾರ ಕೈ ಸೇರಬೇಕೆಂಬುದು ಪಹಣಿಯ ಒಂಬತ್ತನೆಯ ಕಲಮನ್ನೇ ಹೊಂದಿಕೊಂಡಿದೆ. ಸ್ವಂತ ಹೊಲವಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಆ ಕಲಮಿನಲ್ಲಿ ಜಾಗವಿಲ್ಲ, ಹಣವೂ ಇಲ್ಲ. ಕಾರಿನ ಕಿಟಕಿಯಿಂದ ನೋಡುತ್ತ, ನಮ್ಮ ಅಂಗಳದ ಮುದುಕಿಯನ್ನೂ ನೆನೆದೆ, ಟವೆಲು ಹೊದ್ದ ಆ ರೈತರನ್ನೂ ನೆನೆದೆ.

ಕಚೇರಿಯ ಹುಡುಗ ಈ ಸಲ ತಾರೀಖುಗಳನ್ನು ಉಳಿಸಿಕೊಂಡೇ ಎಲ್ಲವನ್ನೂ ಮತ್ತೆ ನಕಲು ಮಾಡಿ ಕರೆದ. ದರದ ಫೈಲಿನ ಮೇಲೆ 2003ರ ಆಗಸ್ಟಿನ ತಾರೀಖು ಇತ್ತು, ನಿರೀಕ್ಷಿಸಿದಂತೆಯೇ. ಒಳಗನ್ನು ತೆರೆ ಎಂದೆ. ‘ಬರಹ’ದ ಹಳೆಯ ಅಕ್ಷರಗಳು ಅವನ ತೆರೆಯ ಮೇಲೆ ಗೀಟು ಸೊಟ್ಟಗಳಾಗಿ ಹರಡಿಕೊಂಡುವು, ಅಂಕಿಗಳು ಮಾತ್ರ ಸ್ಪಷ್ಟವಾಗಿದ್ದುವು.

“ಈ ನಾಕ್ನೇ ಕಾಲಂ ಏನು ಮೇಡಂ? ಪೇಜಲ್ಲಿ ಇದು ಬರಲ್ವಲ್ಲ.”

ಗುಮಾಸ್ತರು ದೂರವಾಣಿಯಲ್ಲಿ ಮೊದಲು ತಾರೀಖು ಹೇಳಿ, ಅನಂತರ ದರ ಹೇಳುತ್ತಿದ್ದರು; ಹಾಗೆಯೇ ಹೇಳಬೇಕೆಂದು ಅವರಿಗೆ ಅವರ ಹಿರಿಯರು ಕಲಿಸಿದ್ದರು. ಆ ಹುಡುಗಿ ಅದನ್ನೂ ಬಿಡದೆ ಪ್ರತಿಯೊಂದು ದರದ ಮುಂದೆಯೂ ಟೈಪು ಮಾಡಿಟ್ಟಿದ್ದಳು. ಪುಟದಲ್ಲಿ ಒಂದೊಂದು ಸಾಲಿಗೆ ಒಂದೊಂದು ತಾರೀಖು ಬಂದರೆ ಅಂದವಾಗಿ ಕಾಣುವುದಿಲ್ಲವೆಂದು ಆ ಕಲಮನ್ನು ಮರೆಮಾಡಿದವಳು ನಾನು. ಕೊನೆಯ ಫೈಲಿನ ಜೊತೆಗೆ ತಿಂಗಳಿಗೊಂದರಂತೆ ಹಳೆಯ ಪ್ರತಿಗಳೂ ಸಿ.ಡಿ.ಯಲ್ಲಿದ್ದುವು. ಮಾರ್ಚಿನದನ್ನು ತೆಗೆಯಿಸಿ, ಹುಣಿಸೆಹಣ್ಣು ತುಮಕೂರು ಇರಬಹುದಾದ ಸಾಲಿನ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸಿದೆ. 26-02-2003 ಎಂದಿತ್ತು.